ನಮ್ಮ ಟೀ ಶರ್ಟ್ ಮೇಲೆ ವಾಲ್ಟರ್ ವೈಟ್ ಇರಬೇಕಾ?

ಈ ಸಲದ ಫೆಸ್ಟ್‌ಗೆ ಬ್ರ್ಯಾಂಚ್ ಟೀ ಶರ್ಟ್ ಮಾಡಿಸೋಣ ಅಂತ ಮಾತಾಯ್ತು. ನಾವು ಕೆಮಿಕಲ್ ಇಂಜಿನಿಯರಿಂಗ್‌ನವರು. ಹಾಗಾಗಿ ಡಿಸೈನ್ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕಪ್ಪು ಟೋಪಿ, ಕನ್ನಡಕ, ಬಾಯಿ ಸುತ್ತ ಗಡ್ಡ, ಕೆಳಗೆ ದಪ್ಪ ಅಕ್ಷರದಲ್ಲಿ ಹೈಸನ್‌ಬರ್ಗ್. ಕ್ಲಾಸ್ ಗ್ರೂಪಿಗೆ ಹಾಕಿದ ಹತ್ತು ನಿಮಿಷಕ್ಕೆ ಸಾಲಾಗಿ ಥಂಬ್ಸ್ ಅಪ್ ಬಂತು. ಆಮೇಲೆ ಒಂದೇ ಒಂದು ಮೆಸೇಜ್: "ನಾನಿದನ್ನ ಹಾಕ್ಕೊಳ್ಳಲ್ಲ. ಅವನು ಹೀರೋ ಅಲ್ಲ."

ಬರೆದವಳು ಸೀರೀಸ್ ನೋಡದೇ ಮಾತಾಡ್ತಿದ್ದಾಳೆ ಅಂದುಕೊಂಡ್ವಿ. ಆದರೆ ಅವಳು ಎರಡು ಸಲ ಪೂರ್ತಿ ನೋಡಿದ್ದಾಳಂತೆ. ನಮ್ಮಲ್ಲಿ ಥಂಬ್ಸ್ ಅಪ್ ಕೊಟ್ಟ ಅರ್ಧ ಜನ ಬರೀ ರೀಲ್ಸ್ ನೋಡಿದವರು! ಮರುದಿನ ಕ್ಯಾಂಟೀನ್‌ನಲ್ಲಿ ಶುರುವಾದ ವಾದ ಮೂರು ದಿನ ನಡೀತು. ಇಂಟರ್ನಲ್ಸ್ ಹತ್ತಿರ ಇತ್ತು ಅನ್ನೋದು ಯಾರಿಗೂ ನೆನಪಿರಲಿಲ್ಲ. ಆ ವಾದದಲ್ಲಿ ನಮಗೆ ಅರ್ಥವಾದದ್ದನ್ನು ಇಲ್ಲಿ ಬರೀತಿದ್ದೇವೆ. ಮೊದಲೇ ಹೇಳಿಬಿಡ್ತೀವಿ: ಇಲ್ಲಿ ಕಥೆಯ ಕೊನೆಯೂ ಬರುತ್ತೆ. ಇನ್ನೂ ನೋಡದವರು, ನೋಡಬೇಕು ಅಂತಿರುವವರು, ಈ ಪುಟವನ್ನು ರಜೆ ಆದ ಮೇಲೆ ಓದಿ.

ಕಥೆ ಗೊತ್ತಿಲ್ಲದವರಿಗೆ

'ಬ್ರೇಕಿಂಗ್ ಬ್ಯಾಡ್' ಅಮೆರಿಕದ ಎಎಂಸಿ ಚಾನೆಲ್‌ನಲ್ಲಿ 2008ರ ಜನವರಿಯಿಂದ 2013ರ ಸೆಪ್ಟೆಂಬರ್‌ವರೆಗೆ ಬಂದ ಸೀರೀಸ್. ಐದು ಸೀಸನ್, 62 ಎಪಿಸೋಡ್. ಸೃಷ್ಟಿಸಿದವರು ವಿನ್ಸ್ ಗಿಲಿಗನ್. ಕಥೆ ನಡೆಯೋದು ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ಎಂಬ ಮರುಭೂಮಿ ಊರಿನಲ್ಲಿ.

ವಾಲ್ಟರ್ ವೈಟ್ ಹೈಸ್ಕೂಲ್ ಕೆಮಿಸ್ಟ್ರಿ ಮೇಷ್ಟ್ರು. ಸಂಬಳ ಸಾಲದೆ ಶಾಲೆ ಬಿಟ್ಟ ಮೇಲೆ ಕಾರ್ ವಾಷ್‌ನಲ್ಲಿ ದುಡೀತಾನೆ. ಅಲ್ಲಿ ತನ್ನದೇ ಸ್ಟೂಡೆಂಟ್‌ನ ಕಾರಿನ ಚಕ್ರ ಉಜ್ಜಬೇಕಾಗುತ್ತೆ. ಮಗನಿಗೆ ಸೆರೆಬ್ರಲ್ ಪಾಲ್ಸಿ, ಹೆಂಡತಿ ಸ್ಕೈಲರ್ ಗರ್ಭಿಣಿ. ಐವತ್ತು ತುಂಬಿದಾಗಲೇ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗುತ್ತೆ. ಸಾಯೋದಕ್ಕೆ ಮುಂಚೆ ಮನೆಯವರಿಗೆ ದುಡ್ಡು ಮಾಡಿಡಬೇಕು ಅಂತ ತನ್ನ ಹಳೇ ಸ್ಟೂಡೆಂಟ್ ಜೆಸ್ಸಿ ಪಿಂಕ್‌ಮನ್ ಜೊತೆ ಸೇರಿ ಮೆತ್ ಎಂಬ ಮಾದಕ ವಸ್ತು ತಯಾರಿಸೋಕೆ ಶುರು ಮಾಡ್ತಾನೆ. ಆ ಲೋಕದಲ್ಲಿ ಅವನು ಇಟ್ಟುಕೊಳ್ಳೋ ಹೆಸರೇ ಹೈಸನ್‌ಬರ್ಗ್. 1927ರಲ್ಲಿ ಅನಿಶ್ಚಿತತಾ ತತ್ವ ಕೊಟ್ಟ ವರ್ನರ್ ಹೈಸನ್‌ಬರ್ಗ್ ಹೆಸರು ಅದು. ಇನ್ನೊಂದು ತಮಾಷೆ: ಅವನ ಷಡ್ಡಕ ಹ್ಯಾಂಕ್, ಮಾದಕ ವಸ್ತು ತಡೆಯುವ ಕೇಂದ್ರ ಸಂಸ್ಥೆ ಡಿಇಎದ ಅಧಿಕಾರಿ.

ಹೀರೋ ಅನ್ನುವವರ ವಾದ

ಟೀ ಶರ್ಟ್ ಬೇಕು ಅನ್ನುವವರ ವಾದವನ್ನು ನ್ಯಾಯವಾಗಿ ಮೊದಲು ಹೇಳಬೇಕು. ಯಾಕಂದ್ರೆ ಮೊದಲ ದಿನ ನಾವೆಲ್ಲ ಆ ಕಡೆಯೇ ಇದ್ವಿ.

ಮೊದಲನೆಯದು, ಅವನಿಗೆ ಅನ್ಯಾಯ ಆಗಿದೆ. ಯುವಕನಾಗಿದ್ದಾಗ ಅವನು ಗೆಳೆಯ ಎಲಿಯಟ್ ಶ್ವಾರ್ಟ್ಸ್ ಜೊತೆ ಸೇರಿ ಗ್ರೇ ಮ್ಯಾಟರ್ ಅನ್ನೋ ಕಂಪನಿ ಕಟ್ಟಿದವನು. ಜರ್ಮನ್‌ನಲ್ಲಿ ಶ್ವಾರ್ಟ್ಸ್ ಅಂದ್ರೆ ಕಪ್ಪು. ಕಪ್ಪು, ಬಿಳಿ ಸೇರಿದರೆ ಬೂದು, ಅದೇ ಕಂಪನಿ ಹೆಸರು. ಏನೋ ಮನಸ್ತಾಪವಾಗಿ ತನ್ನ ಪಾಲನ್ನು 5,000 ಡಾಲರ್‌ಗೆ ಮಾರಿ ಹೊರಗೆ ಬರ್ತಾನೆ. ಅದೇ ಕಂಪನಿ ಮುಂದೆ 216 ಕೋಟಿ ಡಾಲರ್ ಬೆಲೆಬಾಳುತ್ತೆ. ಇವನು ಪ್ರತಿ ವಾರ ಆ ಬೆಲೆ ಎಷ್ಟಾಯ್ತು ಅಂತ ನೋಡ್ತಾನಂತೆ.

ಎರಡನೆಯದು, ಅವನು ಕೆಲಸ ಗೊತ್ತಿರುವವನು. ಗುಂಡು, ಚಾಕು ಇಟ್ಟುಕೊಂಡವರ ಮುಂದೆ ಇವನು ತಲೆ ಇಟ್ಟುಕೊಂಡು ಗೆಲ್ತಾನೆ. ಮರುಭೂಮಿಯಲ್ಲಿ ವ್ಯಾನಿನ ಬ್ಯಾಟರಿ ಸತ್ತರೆ ಕೈಗೆ ಸಿಕ್ಕ ಸಾಮಾನಿನಿಂದ ಹೊಸ ಬ್ಯಾಟರಿ ಮಾಡ್ತಾನೆ. ನಮ್ಮ ಎಲೆಕ್ಟ್ರೋಕೆಮಿಸ್ಟ್ರಿ ಯೂನಿಟ್ ಯಾರದೋ ಪ್ರಾಣ ಉಳಿಸಿದ್ದನ್ನು ಪರದೆ ಮೇಲೆ ನೋಡೋದು ಅಲ್ಲೊಂದೇ ಕಡೆ. ಅಂದಹಾಗೆ ಸೀರೀಸ್‌ಗೆ ಒಕ್ಲಹೋಮ ವಿಶ್ವವಿದ್ಯಾಲಯದ ಪ್ರೊಫೆಸರ್ ಡೋನಾ ನೆಲ್ಸನ್ ವಿಜ್ಞಾನದ ಸಲಹೆಗಾರರಾಗಿದ್ದರು. ಹಾಗಂತ ಎಲ್ಲವೂ ನಿಜ ಅಲ್ಲ. ಆ ಪ್ರಸಿದ್ಧ ನೀಲಿ ಬಣ್ಣ ಕಥೆಗಾಗಿ ಮಾಡಿದ್ದು. ಶುದ್ಧ ಹರಳಿಗೆ ಬಣ್ಣ ಇರೋಲ್ಲ.

ಮೂರನೆಯದು, ಎಲ್ಲರೂ ಬಾಯಿ ತೆರೆದರೆ ಹೇಳೋದು: "ಮಗಾ, ಅವನು ಮಾಡಿದ್ದೆಲ್ಲ ಫ್ಯಾಮಿಲಿಗೋಸ್ಕರ ಕಣೋ."

ಈ ಮೂರನೇ ಮಾತನ್ನೇ ಟೆಸ್ಟ್ ಮಾಡೋಣ ಅಂದಳು ಟೀ ಶರ್ಟ್ ಬೇಡ ಅಂದವಳು. ಕ್ಯಾಂಟೀನ್ ಬಿಲ್ಲಿನ ಹಿಂದೆ ಲೆಕ್ಕ ಬರೆದಳು.

7,37,000 ಡಾಲರ್ ಲೆಕ್ಕ

ಎರಡನೇ ಸೀಸನ್‌ನ ಮೊದಲ ಎಪಿಸೋಡ್‌ನಲ್ಲಿ ವಾಲ್ಟರೇ ಬಾಯಿಲೆಕ್ಕ ಹಾಕ್ತಾನೆ. ಇಬ್ಬರು ಮಕ್ಕಳ ನಾಲ್ಕು ವರ್ಷದ ಕಾಲೇಜು, ವರ್ಷಕ್ಕೆ 45,000 ಡಾಲರ್‌ನಂತೆ 3,60,000. ಮನೆಸಾಲದ ಬಾಕಿ ಎಲ್ಲ ಸೇರಿ 1,37,000. ಮನೆಖರ್ಚು ತಿಂಗಳಿಗೆ 2,000ದಂತೆ ಹತ್ತು ವರ್ಷಕ್ಕೆ 2,40,000. ಒಟ್ಟು 7,37,000 ಡಾಲರ್. ಇಷ್ಟಾದರೆ ತಾನು ಸತ್ತರೂ ಮನೆ ನಡೆಯುತ್ತೆ ಅನ್ನೋದು ಅವನದೇ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಪ್ರಾಜೆಕ್ಟ್‌ನ ರಿಕ್ವೈರ್‌ಮೆಂಟ್. ಇದು ಪೂರೈಸಿದ ಮೇಲೆ ಕೆಲಸ ನಿಲ್ಲಬೇಕು.

ಐದನೇ ಸೀಸನ್‌ನಲ್ಲಿ ಕೈಯಲ್ಲಿರೋ ಕಚ್ಚಾವಸ್ತುವಿನ ಪಾಲು ಮಾರಿದರೆ 50 ಲಕ್ಷ ಡಾಲರ್ ಸಿಗುತ್ತೆ ಅನ್ನೋ ಅವಕಾಶ ಬರುತ್ತೆ. ಅವನು ಹೇಳಿದ ಗುರಿಯ ಆರೂಮುಕ್ಕಾಲು ಪಟ್ಟು. ಜೆಸ್ಸಿ ಮಾರಿಬಿಡೋಣ ಅಂತ ಬೇಡಿಕೊಳ್ತಾನೆ. ವಾಲ್ಟರ್ ಒಪ್ಪಲ್ಲ. ಆಗಲೇ ಅವನು ಆ 5,000 ಡಾಲರ್‌ನ ಹಳೇ ಕಥೆ ಹೇಳೋದು. ತಾನು ಕಟ್ಟುತ್ತಿರೋದು ಸಾಮ್ರಾಜ್ಯ, ಬರೀ ದುಡ್ಡಲ್ಲ ಅಂತ ಹೇಳೋದೂ ಆಗಲೇ. ಕೊನೆಗೆ ಅವನು ಮರುಭೂಮಿಯಲ್ಲಿ ಹೂತಿಟ್ಟ ಡ್ರಮ್‌ಗಳಲ್ಲಿ ಇದ್ದದ್ದು ಸುಮಾರು 8 ಕೋಟಿ ಡಾಲರ್. ಗುರಿಯ ನೂರೆಂಟು ಪಟ್ಟಿಗೂ ಮೇಲೆ. ಯಾವ ಇಂಜಿನಿಯರಿಂಗ್ ಕಾಲೇಜಿನ ಫೀಸೂ ಅಷ್ಟಿಲ್ಲ.

ಇನ್ನೊಂದು ವಿಷಯವನ್ನು ನಾವು ಮರೆತೇಬಿಟ್ಟಿದ್ವಿ. ಮೊದಲ ಸೀಸನ್‌ನ ಐದನೇ ಎಪಿಸೋಡ್‌ನಲ್ಲೇ ಎಲಿಯಟ್ ಅವನಿಗೆ ಕೆಲಸ ಕೊಡ್ತೀನಿ, ಚಿಕಿತ್ಸೆ ಖರ್ಚು ನೋಡ್ಕೊಳ್ತೀನಿ ಅಂತಾನೆ. ವಾಲ್ಟರ್ ಬೇಡ ಅಂತಾನೆ. ಅಂದ್ರೆ ಮನೆಯವರನ್ನು ಉಳಿಸೋ ದಾರಿ ತೆರೆದೇ ಇತ್ತು. ಅದು ಬೇರೆಯವರ ಕೈಯಿಂದ ಬರ್ತಿತ್ತು ಅನ್ನೋದೇ ಅವನಿಗೆ ನುಂಗಲಾಗದ ತುತ್ತು.

ಬಿಲ್ಲಿನ ಇನ್ನೊಂದು ಕಡೆ ಅವಳು ಬರೆದದ್ದು ಈ ಪಟ್ಟಿ. ಜೆಸ್ಸಿಯ ಗೆಳತಿ ಜೇನ್ ನಿದ್ದೆಯಲ್ಲಿ ವಾಂತಿಯಾಗಿ ಉಸಿರುಗಟ್ಟಿ ಸಾಯುವಾಗ ವಾಲ್ಟರ್ ಪಕ್ಕದಲ್ಲೇ ನಿಂತು ನೋಡ್ತಾನೆ, ಉಳಿಸಲ್ಲ. ಜೇನ್‌ಳ ಅಪ್ಪ ಏರ್ ಟ್ರಾಫಿಕ್ ಕಂಟ್ರೋಲರ್. ಮಗಳ ದುಃಖದಲ್ಲೇ ಕೆಲಸಕ್ಕೆ ಬಂದು ಎಡವ್ತಾನೆ. ಎರಡು ವಿಮಾನ ಡಿಕ್ಕಿಯಾಗಿ 167 ಜನ ಸಾಯ್ತಾರೆ. ಆಮೇಲೆ ಶಾಲೆಯ ಸಭೆಯಲ್ಲಿ ಮಕ್ಕಳು ಅಳುತ್ತಾ ಕೂತಿದ್ದರೆ, ವಾಲ್ಟರ್ ಎದ್ದು ಇದು ಅಪಘಾತಗಳ ಪಟ್ಟಿಯಲ್ಲಿ 50ನೇ ಸ್ಥಾನದಲ್ಲಿದೆ ಅಷ್ಟೇ ಅಂತ ಅಂಕಿಅಂಶ ಕೊಡ್ತಾನೆ. ಜೆಸ್ಸಿಯ ಕೈಯಿಂದ ಗೇಲ್ ಅನ್ನೋ ಸಾಧು ಕೆಮಿಸ್ಟ್‌ನನ್ನು ಕೊಲ್ಲಿಸ್ತಾನೆ. ಬ್ರಾಕ್ ಅನ್ನೋ ಪುಟ್ಟ ಹುಡುಗನಿಗೆ ವಿಷ ತಗಲೋ ಹಾಗೆ ಮಾಡ್ತಾನೆ, ಜೆಸ್ಸಿಯನ್ನು ತನ್ನ ಕಡೆ ತಿರುಗಿಸಿಕೊಳ್ಳೋಕೆ. ಬೇರೆ ಬೇರೆ ಜೈಲುಗಳಲ್ಲಿದ್ದ ಹತ್ತು ಜನರನ್ನು ಒಂದೇ ಹೊತ್ತಿಗೆ ಕೊಲ್ಲಿಸ್ತಾನೆ.

ಪಟ್ಟಿ ಓದಿದ ಮೇಲೂ ನಮ್ಮಲ್ಲೊಬ್ಬ "ಆದ್ರೂ..." ಅಂದ. ನಮಗೆಲ್ಲ ಹಾಗೇ ಅನಿಸ್ತಿತ್ತು. ಆ 'ಆದ್ರೂ' ಎಲ್ಲಿಂದ ಬರುತ್ತೆ ಅನ್ನೋದೇ ನಿಜವಾದ ಪ್ರಶ್ನೆ.

ಜೊತೆಗಿರೋದು ಬೇರೆ, ಪರವಾಗಿರೋದು ಬೇರೆ

ಸಿನಿಮಾ ಬಗ್ಗೆ ಬರೆಯುವ ವಿದ್ವಾಂಸ ಮರ್ರೆ ಸ್ಮಿತ್ 1995ರ ತಮ್ಮ ಪುಸ್ತಕದಲ್ಲಿ ಒಂದು ವ್ಯತ್ಯಾಸ ತೋರಿಸ್ತಾರೆ. ಅದನ್ನು ನಮ್ಮ ಮಾತಲ್ಲಿ ಹೀಗೆ ಹೇಳಬಹುದು. ಕಥೆ ಯಾರ ಹೆಗಲ ಮೇಲೆ ನಮ್ಮನ್ನು ಕೂರಿಸಿಕೊಂಡು ಹೋಗುತ್ತೋ, ಯಾರ ಮನಸ್ಸಿನ ಒಳಗನ್ನು ತೋರಿಸುತ್ತೋ, ಅವರ 'ಜೊತೆ' ನಾವಿರ್ತೀವಿ. ಅವರು ಮಾಡೋದು ಸರಿ ಅಂತ ಒಪ್ಪಿ ನಿಂತಾಗ ಅವರ 'ಪರ' ಇರ್ತೀವಿ. ಎರಡೂ ಒಂದೇ ಅಲ್ಲ. ಆದರೆ 62 ಎಪಿಸೋಡ್ ಜೊತೆಗಿದ್ದ ಮೇಲೆ ಗೊತ್ತಾಗದ ಹಾಗೆ ಪರವಾಗಿಬಿಡ್ತೀವಿ.

ಇದು ಹೇಗಾಗುತ್ತೆ ಅಂತ ನೋಡಿದರೆ ಮೂರು ಟ್ರಿಕ್ ಕಾಣುತ್ತೆ. ಒಂದು, ಗುಟ್ಟು. ವಾಲ್ಟರ್‌ನ ರಹಸ್ಯ ಅವನಿಗೆ, ಜೆಸ್ಸಿಗೆ ಬಿಟ್ಟರೆ ಬಹಳ ದಿನ ನಮಗೆ ಮಾತ್ರ ಗೊತ್ತು. ಗುಟ್ಟು ಹಂಚಿಕೊಂಡವರು ಪಾಲುದಾರರಾಗ್ತಾರೆ. ಹ್ಯಾಂಕ್ ಹತ್ತಿರ ಬಂದಾಗ ಪೊಲೀಸ್ ಗೆಲ್ಲಲಿ ಅಂತ ನಮಗೆ ಅನಿಸಲ್ಲ, ಅಯ್ಯೋ ಸಿಕ್ಕಿಬಿದ್ದ ಅನಿಸುತ್ತೆ. ಎರಡು, ಹೋಲಿಕೆ. ಅವನ ಎದುರಿಗೆ ಇನ್ನೂ ಕೆಟ್ಟವರನ್ನು ನಿಲ್ಲಿಸ್ತಾರೆ: ತಲೆಕೆಟ್ಟ ಟುಕೋ, ತಣ್ಣಗೆ ಕತ್ತು ಕುಯ್ಯೋ ಗಸ್ ಫ್ರಿಂಗ್, ಕೊನೆಗೆ ನಾಜಿ ಗ್ಯಾಂಗ್. ಕತ್ತಲೆಯ ಪಕ್ಕ ಬೂದು ಬಣ್ಣವೂ ಬೆಳ್ಳಗೇ ಕಾಣುತ್ತೆ. ಮೂರು, ಸಣ್ಣ ಹೆಜ್ಜೆ. ಮೊದಲ ಎಪಿಸೋಡ್‌ನ ಮೇಷ್ಟ್ರು ನೇರವಾಗಿ ಮಗುವಿಗೆ ವಿಷ ತಗಲಿಸಿದ್ದರೆ ನಾವು ಅಲ್ಲೇ ಆಫ್ ಮಾಡ್ತಿದ್ವಿ. ಪ್ರತಿ ಎಪಿಸೋಡ್‌ನಲ್ಲೂ ಬದಲಾವಣೆ ಚಿಕ್ಕದು. ಒಂದೊಂದೇ ಕೂಡಿಸ್ತಾ ಹೋದಾಗಲೇ ಎಲ್ಲಿಗೆ ಬಂದ್ವಿ ಅಂತ ಗೊತ್ತಾಗೋದು. ಒಳ್ಳೇ ಮೇಷ್ಟ್ರನ್ನು ಹಂತಹಂತವಾಗಿ ದೊಡ್ಡ ಪಾತಕಿ ಮಾಡೋದೇ ಗಿಲಿಗನ್ ಮೊದಲಿನಿಂದ ಹಾಕಿಕೊಂಡಿದ್ದ ಯೋಜನೆ. ಸಾಮಾನ್ಯವಾಗಿ ಟೀವಿ ಪಾತ್ರ ವರ್ಷಗಟ್ಟಲೆ ಹಾಗೇ ಇರುತ್ತೆ. ಇವನು ಬದಲಾಗ್ತಾನೆ. ನಾವು ಮಾತ್ರ ಮೊದಲ ಎಪಿಸೋಡ್‌ನ ವಾಲ್ಟರ್‌ಗೆ ಕೊಟ್ಟ ಸಹಾನುಭೂತಿಯನ್ನು ಕೊನೆಯ ವಾಲ್ಟರ್‌ಗೂ ಕೊಡ್ತಾನೇ ಇರ್ತೀವಿ.

ಇದು ಈ ಸೀರೀಸ್‌ಗೇ ಸೀಮಿತವಾದದ್ದಲ್ಲ. 1971ರಲ್ಲಿ ಅಮೆರಿಕದಲ್ಲಿ ನಾರ್ಮನ್ ಲಿಯರ್ 'ಆಲ್ ಇನ್ ದ ಫ್ಯಾಮಿಲಿ' ಅನ್ನೋ ಹಾಸ್ಯ ಧಾರಾವಾಹಿ ಶುರು ಮಾಡಿದ್ರು. ಆರ್ಚಿ ಬಂಕರ್ ಅನ್ನೋ ಜನಾಂಗದ್ವೇಷಿ ಅಪ್ಪನನ್ನು ಜನ ನೋಡಿ ನಗಲಿ ಅನ್ನೋದು ಉದ್ದೇಶ. ತುಂಬ ಜನ ಅವನು ಹೇಳೋದೇ ಸರಿ ಅಂತ ಅವನನ್ನೇ ಮೆಚ್ಚಿದ್ರು. ವಿಮರ್ಶಕಿ ಎಮಿಲಿ ನಸ್ಬಾಮ್ ಇಂಥವರಿಗೆ 'ಕೆಟ್ಟ ಅಭಿಮಾನಿ' ಅಂತ ಹೆಸರಿಟ್ಟರು. ಕಥೆಯನ್ನು ಪ್ರೀತಿಸ್ತಾರೆ, ಆದರೆ ಕಥೆ ಹೇಳ್ತಿರೋದಕ್ಕೆ ಉಲ್ಟಾ ಕಾರಣಕ್ಕೆ.

ರೀಲ್‌ನಲ್ಲಿ ಕತ್ತರಿಸಿಹೋದದ್ದು

ನಾವು ಟೀ ಶರ್ಟ್‌ನ ಬೆನ್ನಿಗೆ ಹಾಕಬೇಕು ಅಂತಿದ್ದ ಡೈಲಾಗ್ ನಿಮಗೂ ಗೊತ್ತಿರುತ್ತೆ: ಅಪಾಯದಲ್ಲಿ ಇರುವವನು ನಾನಲ್ಲ, ನಾನೇ ಅಪಾಯ, ಬಾಗಿಲು ಬಡಿಯುವವನೇ ನಾನು ಅನ್ನೋದು. ರೀಲ್‌ನಲ್ಲಿ ಹಿನ್ನೆಲೆಗೆ ಬೀಟ್ ಹಾಕಿ, ವಾಲ್ಟರ್ ಮುಖ ಮಾತ್ರ ತೋರಿಸ್ತಾರೆ. ಮೈ ಜುಮ್ ಅನ್ನುತ್ತೆ.

ಇಡೀ ಸೀನ್ ಹಾಕಿ ನೋಡಿದ್ವಿ. ಅದು ನಾಲ್ಕನೇ ಸೀಸನ್‌ನ ಆರನೇ ಎಪಿಸೋಡ್. ಅದರ ಹೆಸರಿನ ಅರ್ಥವೇ ಮೂಲೆಗೆ ಸಿಕ್ಕಿಬಿದ್ದವನು ಅಂತ. ಅವನು ಆ ಮಾತು ಹೇಳೋದು ಯಾವ ರೌಡಿಗೂ ಅಲ್ಲ. ಬೆಡ್‌ರೂಮಿನಲ್ಲಿ, ಹೆಂಡತಿಗೆ. ಗೇಲ್‌ನ ಕೊಲೆ ಸುದ್ದಿ ತಿಳಿದ ಅವಳು ನಿನಗೂ ಹೀಗಾಗಬಹುದು, ಪೊಲೀಸರ ಹತ್ತಿರ ಹೋಗೋಣ ಅಂತಿದ್ದಾಳೆ. ಆ ಹೊತ್ತಿಗೆ ವಾಲ್ಟರ್ ಗಸ್‌ನ ಕೈಕೆಳಗಿನ ನೌಕರ. ಯಾವಾಗ ಕೊಲ್ತಾನೋ ಅಂತ ನಡುಗುತ್ತಿರುವವನು. ಗೇಲ್‌ನ ಬಾಗಿಲು ಬಡಿದವನೂ ಇವನಲ್ಲ, ಅಳುತ್ತಾ ಹೋದ ಜೆಸ್ಸಿ. ಹೊರಗೆ ಯಾರ ಮುಂದೆಯೂ ಎತ್ತಲಾಗದ ದನಿಯನ್ನು ಮನೆಯಲ್ಲಿ ಹೆಂಡತಿ ಮುಂದೆ ಎತ್ತಿದ್ದಾನೆ. ಅವಳ ಮುಖದಲ್ಲಿರೋದು ಭಯ. ರೀಲ್‌ನಲ್ಲಿ ಕಟ್ ಆಗಿರೋದು ಅದೇ ಮುಖ.

ಟೀ ಶರ್ಟ್ ಬೇಡ ಅಂದವಳು ಇಲ್ಲಿ ಒಂದು ಪ್ರಶ್ನೆ ಕೇಳಿದಳು. "ಹಾಸ್ಟೆಲ್‌ನಲ್ಲಿ ನೀವೆಲ್ಲ ಸೀರೀಸ್ ನೋಡುವಾಗ ಅತಿ ಹೆಚ್ಚು ಬೈದದ್ದು ಯಾರನ್ನ?" ನಾವು ಮುಖ ಮುಖ ನೋಡಿಕೊಂಡ್ವಿ. ಉತ್ತರ ಟುಕೋ ಅಲ್ಲ, ಗಸ್ ಅಲ್ಲ. ಸ್ಕೈಲರ್.

ಸ್ಕೈಲರ್ ಮಾಡಿದ ತಪ್ಪೇನು? ಗಂಡ ಸುಳ್ಳು ಹೇಳ್ತಿದ್ದಾನೆ ಅಂತ ಕಂಡುಹಿಡಿದಳು. ಮನೆಯಲ್ಲಿ ಡ್ರಗ್ಸ್ ವ್ಯವಹಾರ ಬೇಡ, ಮಕ್ಕಳಿಂದ ದೂರ ಇರು ಅಂದಳು. ಅವಳೂ ತಪ್ಪು ಮಾಡ್ತಾಳೆ, ಮುಂದೆ ದುಡ್ಡು ಬಿಳಿ ಮಾಡೋದಕ್ಕೂ ಕೈ ಜೋಡಿಸ್ತಾಳೆ. ಆದರೆ ಜನ ಬೈದದ್ದು ಅದಕ್ಕಲ್ಲ, ಹೀರೋನ ದಾರಿಗೆ ಅಡ್ಡ ಬಂದದ್ದಕ್ಕೆ. ಆ ಪಾತ್ರ ಮಾಡಿದ ಆನಾ ಗನ್ 2013ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಪಾತ್ರದ ಮೇಲಿನ ದ್ವೇಷ ತಮ್ಮ ಮೇಲೇ ತಿರುಗಿದ್ದನ್ನು, ಕೊಲ್ಲಬೇಕು ಎಲ್ಲಿ ಸಿಗ್ತಾಳೆ ಅಂತ ಯಾರೋ ಬರೆಯುವ ಮಟ್ಟಕ್ಕೆ ಹೋದದ್ದನ್ನು ಹೇಳಿಕೊಂಡರು. ಅದೇ ಪಾತ್ರಕ್ಕೆ ಅವರಿಗೆ ಎರಡು ಎಮಿ ಪ್ರಶಸ್ತಿ ಬಂದಿದೆ, 2013 ಮತ್ತು 2014ರಲ್ಲಿ. ನಟನೆ ಚೆನ್ನಾಗಿಲ್ಲ ಅನ್ನೋ ನೆಪಕ್ಕೂ ಜಾಗ ಇಲ್ಲ.

ಇದನ್ನು ಕೇಳಿದಾಗ ನಮಗೆ ನಾಚಿಕೆ ಆಯ್ತು. ಪಾತ್ರವನ್ನು ಹೀರೋ ಮಾಡೋದು ಬರೀ ನಮ್ಮ ಇಷ್ಟದ ವಿಷಯ ಅಂದುಕೊಂಡಿದ್ವಿ. ಆದರೆ ಒಬ್ಬನನ್ನು ಹೀರೋ ಅಂತ ಒಪ್ಪಿದ ಕ್ಷಣ, ಅವನಿಗೆ 'ಬೇಡ' ಅಂದ ಪ್ರತಿಯೊಬ್ಬರೂ ವಿಲನ್ ಆಗಿಬಿಡ್ತಾರೆ. ನಮ್ಮ ಗ್ರೂಪಿನಲ್ಲಿ ಅವಳ ಆ ಒಂದು ಮೆಸೇಜ್‌ಗೆ ಬಂದ ರಿಪ್ಲೈಗಳನ್ನು ವಾಪಸ್ ಹೋಗಿ ಓದಿದ್ವಿ. "ಬಂದ್ಳು ನೋಡು ಸ್ಕೈಲರ್" ಅಂತ ನಮ್ಮಲ್ಲೇ ಒಬ್ಬ ಬರೆದಿದ್ದ. ಅದಕ್ಕೆ ಹದಿನಾಲ್ಕು ನಗುವಿನ ಇಮೋಜಿ. ಅದರಲ್ಲಿ ನಮ್ಮವೂ ಇದ್ದವು.

ಆಲ್ಬುಕರ್ಕಿಯ ಕಂಚಿನ ಪ್ರತಿಮೆ

ನಮ್ಮದು ಟೀ ಶರ್ಟ್ ಜಗಳ. ಆಲ್ಬುಕರ್ಕಿಯವರಿಗೆ ಇದೇ ಜಗಳ ಕಂಚಿನಲ್ಲಿ ಬಂತು. 2022ರ ಜುಲೈನಲ್ಲಿ ಅಲ್ಲಿನ ಕನ್ವೆನ್ಷನ್ ಸೆಂಟರ್‌ನಲ್ಲಿ ವಾಲ್ಟರ್ ವೈಟ್ ಮತ್ತು ಜೆಸ್ಸಿ ಪಿಂಕ್‌ಮನ್ ಪ್ರತಿಮೆಗಳನ್ನು ಅನಾವರಣ ಮಾಡಿದರು. ಗಿಲಿಗನ್ ಮತ್ತು ಸೋನಿ ಸಂಸ್ಥೆ ಊರಿಗೆ ಕೊಟ್ಟ ಕೊಡುಗೆ. ನಟರಾದ ಬ್ರಯನ್ ಕ್ರಾನ್‌ಸ್ಟನ್, ಆರನ್ ಪಾಲ್, ಊರಿನ ಮೇಯರ್ ಎಲ್ಲ ಬಂದಿದ್ದರು.

ಊರಿಗೆ ಋಣ ಇರೋದು ನಿಜ. ಕಥೆಯನ್ನು ಮೊದಲು ಕ್ಯಾಲಿಫೋರ್ನಿಯಾದಲ್ಲಿ ಇಟ್ಟಿದ್ದರು. ನ್ಯೂ ಮೆಕ್ಸಿಕೊ ಶೂಟಿಂಗ್ ಖರ್ಚಿನಲ್ಲಿ ಒಂದು ಪಾಲು ವಾಪಸ್ ಕೊಡುತ್ತಿದ್ದರಿಂದ ಅಲ್ಲಿಗೆ ಬಂದರು. ಆಮೇಲೆ ಊರಿಗೆ ಕೆಲಸ ಬಂತು, ಪ್ರವಾಸಿಗಳು ಬಂದರು. ಆದರೆ ಅದೇ ರಾಜ್ಯದ ಒಬ್ಬ ಶಾಸಕ, ಮೆತ್ ತಯಾರಿಸುವವರನ್ನು ವೈಭವೀಕರಿಸೋದು ನಮಗೆ ಬೇಕಾ ಅಂತ ಪ್ರಶ್ನೆ ಎತ್ತಿದರು. ನ್ಯೂ ಮೆಕ್ಸಿಕೊದಲ್ಲಿ ಮಾದಕ ವಸ್ತುವಿನಿಂದ ಸಾಯುವವರು ಕಥೆಯ ಪಾತ್ರಗಳಲ್ಲ, ನಿಜವಾದ ಜನ. ಗಿಲಿಗನ್ ಕೂಡ ಇವರಿಬ್ಬರು ಕುಖ್ಯಾತ ಡ್ರಗ್ ವ್ಯಾಪಾರಿಗಳು ಅನ್ನೋದನ್ನು ಒಪ್ಪಿಕೊಂಡೇ ಮಾತಾಡಿದರು. ಪ್ರತಿಮೆ ಇರೋದು ಇಬ್ಬರು ದೊಡ್ಡ ನಟರ ಕೆಲಸಕ್ಕೆ ಅನ್ನೋದು ಅವರ ಭಾವನೆ. ಮಾತು ಸರಿಯೇ. ಆದರೆ ಪ್ರತಿಮೆಗಿರೋದು ಕ್ರಾನ್‌ಸ್ಟನ್ ಮುಖ ಆದರೂ, ಟೋಪಿ ವಾಲ್ಟರ್‌ನದು. ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುವವರು ಯಾರಿಗೆ ಗೌರವ ಕೊಡ್ತಿದ್ದಾರೆ ಅಂತ ಹೇಳೋದು ಕಷ್ಟ.

ಅಭಿಮಾನದ ಭಾರ ಹೊತ್ತ ಇನ್ನೊಂದು ಮನೆ ಅಲ್ಲಿದೆ. ಮೂರನೇ ಸೀಸನ್‌ನಲ್ಲಿ ಸ್ಕೈಲರ್ ಬಾಗಿಲು ಮುಚ್ಚಿದಾಗ ವಾಲ್ಟರ್ ಸಿಟ್ಟಿನಿಂದ ಪಿಜ್ಜಾವನ್ನು ಸೂರಿನ ಮೇಲೆ ಎಸೀತಾನೆ. ಆ ಮನೆ ಸೆಟ್ ಅಲ್ಲ, ನಿಜವಾಗಿ ಜನ ವಾಸ ಮಾಡೋ ಮನೆ. ಅಭಿಮಾನಿಗಳು ಬಂದು ಅದೇ ಸೂರಿನ ಮೇಲೆ ಪಿಜ್ಜಾ ಎಸೆಯೋಕೆ ಶುರು ಮಾಡಿದ್ರು. ಇದು ತಮಾಷೆ ಅಲ್ಲ, ದಯವಿಟ್ಟು ನಿಲ್ಲಿಸಿ ಅಂತ ಗಿಲಿಗನ್ನೇ 2015ರಲ್ಲಿ ಕೇಳಿಕೊಳ್ಳಬೇಕಾಯ್ತು. ಕಾಟ ತಡೆಯಲಾಗದೆ ಮನೆಯವರು 2017ರಲ್ಲಿ ಸುತ್ತ ಕಬ್ಬಿಣದ ಬೇಲಿ ಹಾಕಿಸಿದರು.

ಕನ್ನಡದಲ್ಲಿ ಇದಕ್ಕೆ ಬೇರೆ ಪದ ಇದೆ

ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ನಮಗೆ 'ಹೀರೋ' ಅಂದರೆ ಒಂದೇ ಪದ. ಕಥೆಯ ಮುಖ್ಯ ಪಾತ್ರವೂ ಹೀರೋ, ನಾವು ಹಾಗೆ ಆಗಬೇಕು ಅನ್ನೋ ವ್ಯಕ್ತಿಯೂ ಹೀರೋ. ಕ್ಲಬ್ಬಿನ ಸೀನಿಯರ್ ಅಕ್ಕ ಒಬ್ಬರು ಇದನ್ನು ಬಿಡಿಸಿ ಹೇಳಿದರು. "ಕಥಾನಾಯಕ ಬೇರೆ, ಆದರ್ಶ ಬೇರೆ ಕಣ್ರೋ. ದುರಂತ ನಾಯಕ ಅನ್ನೋ ಮಾತೂ ಇದೆ. ನಿಮ್ಮ ವಾಲ್ಟರ್ ಆ ಪೈಕಿ."

ಅವರು ಕೊಟ್ಟ ಉದಾಹರಣೆ ರನ್ನನ 'ಗದಾಯುದ್ಧ'. ಸುಮಾರು ಸಾವಿರ ವರ್ಷದ ಹಿಂದಿನ ಕಾವ್ಯ. ರನ್ನ ನಾಯಕ ಅಂತ ಇಟ್ಟುಕೊಂಡದ್ದು ಭೀಮನನ್ನು, ತನಗೆ ಆಶ್ರಯ ಕೊಟ್ಟ ದೊರೆಯನ್ನು ಅವನಿಗೇ ಹೋಲಿಸಿದ್ದಾನೆ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯೋದು ದುರ್ಯೋಧನ. ಸತ್ತವರ ನಡುವೆ ಕುರುಕ್ಷೇತ್ರದಲ್ಲಿ ಒಬ್ಬನೇ ನಡೆದುಹೋಗ್ತಾನೆ, ತಮ್ಮನಿಗೆ, ಕರ್ಣನಿಗೆ ಅಳ್ತಾನೆ, ವೈರಿಯ ಮಗ ಅಭಿಮನ್ಯುವಿನ ಶೌರ್ಯಕ್ಕೂ ಕೈ ಮುಗೀತಾನೆ. ನಮಗೆ ಅವನ ಮೇಲೆ ಮರುಕ ಹುಟ್ಟುತ್ತೆ. ಆದರೆ ದುರ್ಯೋಧನನಿಗೆ ಮರುಗೋದಕ್ಕೆ ದ್ರೌಪದಿ ಮೇಲೆ ಸಿಟ್ಟಾಗಬೇಕಾಗಿಲ್ಲ. ಸಭೆಯಲ್ಲಿ ನಡೆದದ್ದು ಸರಿ ಅನ್ನಬೇಕಾಗಿಲ್ಲ. ಮರುಗಬಹುದು, ಆ ಪಾತ್ರವನ್ನು ಕಟ್ಟಿದ ಕವಿಗೆ ತಲೆಬಾಗಬಹುದು, ಆದರೂ ಅವನ ಪರ ನಿಲ್ಲದೇ ಇರಬಹುದು.

ಹಾಗೆ ನೋಡಿದರೆ ನಮ್ಮ ಜಗಳ ಅರ್ಧ ಬಗೆಹರಿಯುತ್ತೆ. ವಾಲ್ಟರ್ ವೈಟ್ ಟೀವಿಯ ಅತಿ ದೊಡ್ಡ ಕಥಾನಾಯಕರಲ್ಲಿ ಒಬ್ಬ. ಕ್ರಾನ್‌ಸ್ಟನ್‌ಗೆ ಇದೇ ಪಾತ್ರಕ್ಕೆ ನಾಲ್ಕು ಎಮಿ ಬಂದದ್ದು ಸುಮ್ಮನೆ ಅಲ್ಲ. ಆದರ್ಶ ಮಾತ್ರ ಅಲ್ಲ. ಇದನ್ನು ಕೊನೇ ಎಪಿಸೋಡ್‌ನಲ್ಲಿ ವಾಲ್ಟರೇ ಒಪ್ಪಿಕೊಳ್ತಾನೆ. ಸ್ಕೈಲರ್ ಎದುರು ನಿಂತು, ಫ್ಯಾಮಿಲಿಗಾಗಿ ಅನ್ನೋ ಹಳೇ ಮಾತು ಬಿಟ್ಟು, ತನಗಾಗಿಯೇ ಮಾಡಿದೆ, ತನಗದು ಇಷ್ಟವಾಗಿತ್ತು ಅಂತಾನೆ. 62 ಎಪಿಸೋಡ್‌ನಲ್ಲಿ ಅವನು ಹೇಳಿದ ದೊಡ್ಡ ನಿಜ ಅದು. ಅವನೇ ಬಿಟ್ಟ ವಾದವನ್ನು ನಾವು ಕ್ಯಾಂಟೀನ್‌ನಲ್ಲಿ ಹಿಡಿದುಕೊಂಡು ಕೂತಿದ್ವಿ. 2025ರ ಫೆಬ್ರವರಿಯಲ್ಲಿ ಅಮೆರಿಕದ ಬರಹಗಾರರ ಸಂಘದ ಗೌರವ ಸ್ವೀಕರಿಸುವಾಗ ಗಿಲಿಗನ್ ಕೂಡ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಕೆಟ್ಟವರ ಪಾತ್ರಗಳು ಎಚ್ಚರಿಕೆ ಆಗೋ ಬದಲು ಜನ ಹಾಗಾಗಬೇಕು ಅಂತ ಆಸೆಪಡುವಂತಾಗಿದೆ, ಬರಹಗಾರರು ಒಳ್ಳೆಯವರ ಬಗ್ಗೆಯೂ ಬರೆಯಬೇಕು ಅಂತ.

ಉಳಿದರ್ಧ

ಜಗಳದ ಉಳಿದ ಅರ್ಧ ಮೂರನೇ ದಿನ ರಾತ್ರಿ ಗೊತ್ತಾಯ್ತು. ಟೀ ಶರ್ಟ್ ಡಿಸೈನ್ ಮಾಡಿದವನು ನಮ್ಮ ರೂಮಿನವನೇ. ವಾಲ್ಟರ್ ಪರ ಅತಿ ಹೆಚ್ಚು ವಾದ ಮಾಡಿದವನೂ ಅವನೇ. ಲೆಕ್ಕ, ರೀಲ್, ಪ್ರತಿಮೆ ಎಲ್ಲ ಆದಮೇಲೂ ಸುಮ್ಮನೆ ಕೂತಿದ್ದ. ಆಮೇಲೆ ಅಂದ: "ನೀವು ಹೇಳೋದೆಲ್ಲ ಸರಿ. ಆದ್ರೆ ಆ 5,000 ಡಾಲರ್ ಸೀನ್ ನೋಡಿದಾಗ ನಂಗೆ ಅವನು ಅರ್ಥ ಆಗ್ತಾನೆ ಕಣ್ರೋ."

ಕಳೆದ ಸೆಮ್‌ನ ಮಿನಿ ಪ್ರಾಜೆಕ್ಟ್ ನೆನಪಾಯ್ತು. ಮೆಸ್‌ನಲ್ಲಿ ಕರಿದು ಉಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡೋ ಪ್ರಾಜೆಕ್ಟ್. ಐಡಿಯಾ ಅವನದು. ವಾರಗಟ್ಟಲೆ ಲ್ಯಾಬ್‌ನಲ್ಲಿ ಟೈಟ್ರೇಶನ್ ಮಾಡಿದವನೂ ಅವನೇ. ಪ್ರೆಸೆಂಟೇಶನ್ ಚೆನ್ನಾಗಿ ಮಾತಾಡೋ ನಮ್ಮ ಪಾಲಿಗೆ ಬಂತು. ಪೋಸ್ಟರ್‌ನಲ್ಲಿ ಅವನ ಹೆಸರು ನಾಲ್ಕನೆಯದು. ಮೊದಲ ಬಹುಮಾನ ಬಂದಾಗ ಸ್ಟೇಜ್ ಮೇಲೆ ಫೋಟೋದಲ್ಲಿ ಅವನಿರಲಿಲ್ಲ. ನಾವು ಯಾರೂ ಗಮನಿಸಿರಲಿಲ್ಲ. ಅವನೂ ಹೇಳಿರಲಿಲ್ಲ.

ವಾಲ್ಟರ್ ನಮ್ಮಂಥವರಿಗೆ ಯಾಕೆ ಇಷ್ಟ ಆಗ್ತಾನೆ ಅನ್ನೋದಕ್ಕೆ ಕ್ಯಾಮೆರಾ ಟ್ರಿಕ್‌ಗಿಂತ ದೊಡ್ಡ ಕಾರಣ ಇದು. ಕೆಲಸ ಗೊತ್ತಿದ್ದೂ ಹೆಸರು ಸಿಗದ ಸಿಟ್ಟು. ಪ್ಲೇಸ್‌ಮೆಂಟ್, ಸಿಜಿಪಿಎ, ಇಂಗ್ಲಿಷ್ ಉಚ್ಚಾರಣೆ ಎಲ್ಲದರಲ್ಲೂ ಅಳೆಸಿಕೊಂಡು ಹಿಂದೆ ಉಳಿದವನಿಗೆ, ಟೋಪಿ ಹಾಕಿಕೊಂಡು ನನ್ನ ಹೆಸರು ಹೇಳು ಅಂತ ಗದರಿಸುವವನು ಹೀರೋ ಆಗಿ ಕಾಣೋದು ಸಹಜ. ಆ ಸಿಟ್ಟು ಸುಳ್ಳಲ್ಲ. ವಾಲ್ಟರ್‌ನ ತಪ್ಪು ಸಿಟ್ಟು ಬಂದದ್ದಲ್ಲ. ಎಲಿಯಟ್ ಬಾಗಿಲು ತೆರೆದಾಗಲೂ ಅವನು ಮಾತಾಡಲಿಲ್ಲ. ಒಳಗೇ ಇಟ್ಟುಕೊಂಡು, ಲೆಕ್ಕಕ್ಕೆ ಸಂಬಂಧವೇ ಇಲ್ಲದ ಜೇನ್, ಗೇಲ್, ಬ್ರಾಕ್‌ರಿಂದ ಬಾಕಿ ವಸೂಲಿ ಮಾಡಿದ.

ನಮ್ಮವನು ಕನಿಷ್ಠ ಆ ರಾತ್ರಿ ಮಾತಾಡಿದ. ನಾವು ಸಾರಿ ಕೇಳಿದ್ವಿ. ಅದರಿಂದ ಬಹುಮಾನದ ಫೋಟೋ ಬದಲಾಗಲ್ಲ. ಆದರೆ ಪ್ರಾಜೆಕ್ಟ್ ಈಗ ರಾಜ್ಯಮಟ್ಟದ ಸ್ಪರ್ಧೆಗೆ ಹೋಗ್ತಿದೆ. ಅದರ ರಿಪೋರ್ಟ್‌ನಲ್ಲಿ ಯಾರು ಏನು ಮಾಡಿದ್ರು ಅಂತ ಒಂದು ಪುಟ ಸೇರಿಸಿದ್ದೀವಿ, ಅವನ ಹೆಸರು ಮೊದಲು. "ಬಂದ್ಳು ನೋಡು ಸ್ಕೈಲರ್" ಅಂತ ಬರೆದವನು ಗ್ರೂಪಿನಲ್ಲೇ ಕ್ಷಮೆ ಕೇಳಿದ. ಅವಳು ಥಂಬ್ಸ್ ಅಪ್ ಕೊಟ್ಟಳು, ಬೇರೇನೂ ಹೇಳಲಿಲ್ಲ.

ಟೀ ಶರ್ಟ್ ಪ್ರಿಂಟ್‌ಗೆ ಹೋಗಿದೆ. ಡಿಸೈನ್ ಬದಲಾಯಿಸಿದ್ದು ಡಿಸೈನ್ ಮಾಡಿದವನೇ. ಎದೆ ಮೇಲೆ ಪೀರಿಯಾಡಿಕ್ ಟೇಬಲ್‌ನ ಎರಡು ಚೌಕ, ಬ್ರೋಮಿನ್ 35, ಬೇರಿಯಮ್ 56, ಸೀರೀಸ್‌ನ ಟೈಟಲ್‌ನಲ್ಲಿ ಬರೋ ಹಾಗೆ. ಕಥೆಗೆ ನಮ್ಮ ಸಲಾಂ ಅಷ್ಟು. ಟೋಪಿ ಇಲ್ಲ, ಮುಖ ಇಲ್ಲ. ಬೆನ್ನ ಮೇಲೆ ಡೈಲಾಗ್ ಬರಬೇಕಿದ್ದ ಜಾಗದಲ್ಲಿ ಕ್ಲಾಸಿನ ಎಲ್ಲರ ಹೆಸರು, ಅಕಾರಾದಿಯಾಗಿ, ಒಂದೇ ಸೈಜಿನಲ್ಲಿ.